ಕಾಗೆ ಮುಟ್ಟಿದ ದಿನದ ವಾರ್ತೆ

ಬುಧವಾರ ಬೆಳಗ್ಗೆ ಏಳು ಗಂಟೆಗೆ, ಬೂಕನಕೆರೆಯ ಮನೆಯ ಹಿತ್ತಲಲ್ಲಿ ತಲೆಗೂದಲು ಒಣಗಿಸಿಕೊಳ್ಳುತ್ತ ನಿಂತಿದ್ದ ಚಂದ್ರಕಲಳ ನೆತ್ತಿಗೆ ಒಂದು ಕಾಗೆ ಬಂದು ಬಡಿಯಿತು. ಬಡಿದದ್ದು ಸಾಲದು ಅಂತ ಒಮ್ಮೆ ಕುಕ್ಕಿ, ತನಗೂ ಇದಕ್ಕೂ ಸಂಬಂಧವೇ ಇಲ್ಲದ ಹಾಗೆ ಹೋಗಿ ತೆಂಗಿನ ಗರಿಯ ಮೇಲೆ ಕೂತಿತು. ಚಂದ್ರಕಲ ತಲೆ ಸವರಿಕೊಂಡು ಬೆರಳು ನೋಡಿದಳು. ರಕ್ತ ಬಂದಿರಲಿಲ್ಲ. ಅವಳ ಪಾಲಿಗೆ ವಿಷಯ ಅಲ್ಲಿಗೆ ಮುಗಿದಿತ್ತು.

ಅತ್ತೆ ದೊಡ್ಡತಾಯಮ್ಮನ ಪಾಲಿಗೆ ಮುಗಿಯಲಿಲ್ಲ. ಕೊಟ್ಟಿಗೆಯಿಂದ ಹಾಲಿನ ಚೊಂಬು ಹಿಡಿದು ಬರುತ್ತಿದ್ದ ಎಂಬತ್ತರ ಮುದುಕಿ ಚೊಂಬನ್ನು ಅಲ್ಲೇ ಇಟ್ಟು ಕೂಗಿಕೊಂಡಳು.

"ಅಯ್ಯಯ್ಯೋ, ಕೆಟ್ಟೋಯ್ತಲ್ಲಪ್ಪೋ! ಕಾಗೆ ಮುಟ್ಬುಡ್ತು! ಚಂದ್ರಿ, ಅಲ್ಲೇ ನಿಂತ್ಕೊ, ಒಳೀಕೆ ಬರಬ್ಯಾಡ. ನಾಗಮಂಗಲಕ್ಕೆ ನಿಮ್ಮಣ್ಣಂಗೆ ಫೋನ್ ಮಾಡುಸ್ತೀನಿ, ನೀನು ಸತ್ತೋದೆ ಅಂತ."

ಆ ಸೀಮೆಯಲ್ಲಿ ಕಾಗೆ ತಲೆ ಮುಟ್ಟಿದರೆ ಮಾಡುವ ಪರಿಹಾರವೇ ಅದು. ಮುಟ್ಟಿಸಿಕೊಂಡವರು ತೀರಿಹೋದರು ಅಂತ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ಎದೆ ಬಡಿದುಕೊಂಡು ಅಳುತ್ತ ಬರಬೇಕು. ನಾಲ್ಕು ಹನಿ ಕಣ್ಣೀರು ನೆಲಕ್ಕೆ ಬಿದ್ದರೆ, ಬರಬೇಕಾಗಿದ್ದ ಸಾವು ತನ್ನ ಕೆಲಸ ಯಾರೋ ಆಗಲೇ ಮುಗಿಸಿದ್ದಾರೆ ಅಂದುಕೊಂಡು ಹಿಂದಕ್ಕೆ ಹೋಗುತ್ತದೆ. ಆಮೇಲೆ ಅಳಲು ಬಂದವರು ಬದುಕಿರುವವರನ್ನು ಬಾಯಿಗೆ ಬಂದಂತೆ ಬೈದು, ಹೊಟ್ಟೆ ತುಂಬ ಉಂಡು ಹೋಗುತ್ತಾರೆ.

"ಸುಮ್ನಿರತ್ತೆ," ಅಂದಳು ಚಂದ್ರಕಲ. "ಸುಳ್ಳು ಸಾವು ಸಾರಕ್ಕೆ ಬ್ಯಾರೆ ಮನೆ ನೋಡ್ಕೊ. ನಾನು ಸುದ್ದಿ ಓದೋಳು."

"ಸುದ್ದಿ ಓದೋಳು ಅಂತ ಕಾಗೆ ಬುಟ್ಬುಡ್ತಾ?" ಅಂದಳು ಮುದುಕಿ.

ಅವಳು ಸುದ್ದಿ ಓದುವವಳು ಅನ್ನುವುದನ್ನು ಆ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕೆ.ಆರ್.ಪೇಟೆಯ ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಸಂಗಮ ಕೇಬಲ್ಲಿನ ಆಫೀಸಿದೆ. ಅಲ್ಲಿಂದ ದಿನಾ ಸಂಜೆ ಏಳೂವರೆಗೆ ಅವಳ ಮುಖ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕಿಗೆ ಹೋಗುತ್ತದೆ. ಇಪ್ಪತ್ತಮೂರು ವರ್ಷದಿಂದ ಹೋಗುತ್ತಿದೆ. ನಾಲೆಗೆ ಯಾವತ್ತು ನೀರು ಬಿಡುತ್ತಾರೆ, ಯಾವ ಊರಿಗೆ ಕರೆಂಟಿಲ್ಲ, ಪಾಂಡವಪುರದ ಕಡೆ ಯಾರ ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕಿದೆ, ನಾಗಮಂಗಲದಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಬಸ್ಸಿನ ಹೊತ್ತು ಬದಲಾಯಿತಾ, ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಯಾರ ಕಿವಿಯೋಲೆ ಸಿಕ್ಕಿದೆ. ಬೆಂಗಳೂರಿನ ದೊಡ್ಡ ಟಿವಿಗಳಿಗೆ ಇದು ಯಾವುದೂ ಸುದ್ದಿಯಲ್ಲ. ಕೊನೆಗೆ, "ಇಂದು ನಮ್ಮನ್ನು ಅಗಲಿದವರು" ಅಂತ ಹೇಳಿ, ಅವತ್ತು ತೀರಿಕೊಂಡವರ ಹೆಸರು, ಊರು, ಮಣ್ಣು ಮಾಡುವ ಜಾಗ, ಹೊತ್ತು ಓದುತ್ತಾಳೆ. ಆಗ ಹೋಟೆಲ್ಲುಗಳಲ್ಲಿ ಲೋಟ ಕುಕ್ಕುವವನೂ ಕೈ ತಡೆಯುತ್ತಾನೆ. ಚಂದ್ರಕ್ಕ ಓದದೆ ಸತ್ತವನು ಸತ್ತ ಹಾಗಲ್ಲ ಅನ್ನುವ ಮಾತು ಆ ಊರುಗಳಲ್ಲಿ ಇದೆ. ಈಗ ಎಲ್ಲರ ಕೈಯಲ್ಲೂ ಫೋನು ಬಂದು ಕೇಬಲ್ಲಿನ ಜೀವ ಕುತ್ತಿಗೆಗೆ ಬಂದಿದ್ದರೂ, ಆ ಪಟ್ಟಿಯನ್ನು ಮಾತ್ರ ಜನ ಫೋನಿನಲ್ಲಾದರೂ ಹಾಕಿಸಿಕೊಂಡು ಕೇಳುತ್ತಾರೆ.

ಅವಳು ಅಲ್ಲಿಗೆ ಸೇರಿದ್ದು ಓದುವುದಕ್ಕಲ್ಲ, ಫೋನ್ ಎತ್ತುವುದಕ್ಕೆ. "ಕೇಬಲ್ ಬತ್ತಿಲ್ಲ ಕನವ್ವ" ಅಂತ ಬೈಯುವವರಿಗೆ "ಬತ್ತದೆ ಕನಣ್ಣ" ಅಂತ ಹೇಳುವುದು ಕೆಲಸ. ಆಗ ಸುದ್ದಿ ಓದುತ್ತಿದ್ದ ಕಾಲೇಜು ಮೇಷ್ಟ್ರು ಒಂದು ದಿನ ಅದೇನೋ ಮುನಿಸು ಮಾಡಿಕೊಂಡು ಬರಲೇ ಇಲ್ಲ. ಏಳೂಕಾಲಿಗೆ ಸಂಗಮದ ಯಜಮಾನ ಅಂದಾನಯ್ಯ ಬೆವರು ಒರೆಸಿಕೊಳ್ಳುತ್ತ ಬಂದು, "ಮಗ, ನಿಂಗೆ ಓದಕ್ ಬತ್ತದಲ್ಲ?" ಅಂದ. ಬರುತ್ತದೆ ಅಂದಳು. ಎರಡು ಟ್ಯೂಬ್‌ಲೈಟು, ಹಿಂದೆ ಗೋಡೆಗೆ ಮೊಳೆ ಹೊಡೆದ ನೀಲಿ ಹಾಸುಗೆ ಬಟ್ಟೆ. ಕ್ಯಾಮೆರಾ ನೋಡಿ ನಾಲಗೆ ಒಣಗಿ, ಏನು ಹೇಳಬೇಕೋ ತಿಳಿಯದೆ, ಮನೆಗೆ ಬಂದವರನ್ನು ಕೇಳುವ ಹಾಗೆ "ನಮಸ್ಕಾರ, ಊಟ ಆಯ್ತಾ?" ಅಂದುಬಿಟ್ಟಳು. ಓದಿ ಮುಗಿಸಿದ ಮೇಲೂ ಏನು ಹೇಳಿ ಏಳಬೇಕೋ ತಿಳಿಯದೆ "ಇದು ಸುದ್ದಿ" ಅಂದು ಎದ್ದಳು. ಮಾರನೆಯ ದಿನ ಮೇಷ್ಟ್ರು ಮುನಿಸು ಬಿಟ್ಟು ಬಂದರೂ ಜನ ಅವರನ್ನು ಒಪ್ಪಲಿಲ್ಲ. ಊಟ ಆಯ್ತಾ ಅಂತ ಕೇಳುವ ಆ ಹುಡುಗಿಯನ್ನೇ ಹಾಕಿ ಅಂತ ಫೋನಿನ ಮೇಲೆ ಫೋನು.

ಹನ್ನೆರಡು ವರ್ಷದ ಹಿಂದೆ ಬೆಂಗಳೂರಿನ ಒಂದು ದೊಡ್ಡ ಚಾನೆಲ್ಲಿನವರು ಅವಳನ್ನು ಕರೆಸಿಕೊಂಡಿದ್ದರು. ಮುಖಕ್ಕೆ ಬಣ್ಣ ಬಳಿದು ಕೂರಿಸಿ, ಎಲ್ಲ ಚೆನ್ನಾಗಿದೆ ಮೇಡಂ, ಆ ಊಟ ಆಯ್ತಾ ಒಂದು ಬಿಟ್ಟುಬಿಡಿ ಅಂದರು. ಅವಳು ಬಣ್ಣ ತೊಳೆದುಕೊಂಡು ಮಧ್ಯಾಹ್ನದ ಬಸ್ಸು ಹತ್ತಿ ಏಳೂವರೆಗೆ ಸರಿಯಾಗಿ ಕೆ.ಆರ್.ಪೇಟೆಯ ಕುರ್ಚಿಯಲ್ಲಿ ಬಂದು ಕೂತಳು. ಗಂಡ, ಡೇರಿಯ ಕಾರ್ಯದರ್ಶಿ, ಯಾಕೆ ಬಿಟ್ಟು ಬಂದೆ ಅಂತ ಕೇಳಿದ್ದಕ್ಕೆ, "ಅಲ್ಲಿ ಯಾರೂ ಉಂಡಿರ್ನಿಲ್ಲ" ಅಂದಿದ್ದಳು.

ಇಷ್ಟು ವರ್ಷದಲ್ಲಿ ಅವಳು ಕ್ಯಾಮೆರಾ ಮುಂದೆ ತಪ್ಪಾಯಿತು ಅಂತ ಹೇಳಿದ್ದು ಒಂದೇ ಸಲ. ಅದಕ್ಕೂ ಕಾಗೆಯೇ ಕಾರಣ. ಹತ್ತೊಂಬತ್ತು ವರ್ಷದ ಹಿಂದೆ ಪಾಂಡವಪುರದ ಕಡೆಯ ಒಬ್ಬ ಯಜಮಾನನಿಗೆ ಕಾಗೆ ಮುಟ್ಟಿತ್ತು. ಮನೆಯವರು ನೆಂಟರಿಗೆಲ್ಲ ಒಬ್ಬೊಬ್ಬರಿಗೆ ಹೇಳಿ ಕಳಿಸುವುದು ಯಾಕೆ, ಟಿವಿಯಲ್ಲೇ ಓದಿಸಿದರೆ ಒಂದೇ ಏಟಿಗೆ ಮುಗಿಯಿತಲ್ಲ ಅಂತ ಚೀಟಿ ಕೊಟ್ಟು ಹೋದರು. ಚಂದ್ರಕಲ ಓದಿದಳು. ನಾಗಮಂಗಲಕ್ಕೆ ಕೊಟ್ಟಿದ್ದ ಅವನ ಮಗಳು, ಏಳು ತಿಂಗಳ ಬಸುರಿ, ಹೊಸ್ತಿಲಲ್ಲೇ ಕುಸಿದು ಬಿದ್ದು ಕೈ ಮುರಿದುಕೊಂಡಳು. ಎರಡನೆಯ ದಿನ ಸತ್ತವನೇ ಒಂದು ಬಾಳೆಗೊನೆ ಹೊತ್ತುಕೊಂಡು ಆಫೀಸಿಗೆ ಬಂದು, "ಅವ್ವ, ನಾನೇ ಕನವ್ವ ಸತ್ತೋನು" ಅಂದ. ಎಲ್ಲರೂ ನಕ್ಕರು. ಚಂದ್ರಕಲ ನಗಲಿಲ್ಲ. ಅವತ್ತಿನಿಂದ ಸಾವಿನ ಮನೆಗೆ ತಾನೇ ಫೋನ್ ಮಾಡಿ, ಮನೆಯ ಹೆಂಗಸೊಬ್ಬಳ ದನಿ ಕೇಳದೆ ಅವಳು ಒಂದು ಹೆಸರನ್ನೂ ಓದಿಲ್ಲ.

ಮಂಗಳವಾರವೂ ಹಾಗೆಯೇ ಮಾಡಿದ್ದಳು. ಸಂತೆಬಾಚಹಳ್ಳಿಗೆ ಫೋನ್ ಹಚ್ಚಿದಾಗ ಮಂಚಮ್ಮ ಅನ್ನುವವಳು ಎತ್ತಿದಳು. ಸೋಮವಾರ ನಾಲೆಯ ರಿಪೇರಿ ಕೆಲಸದಲ್ಲಿ ಪಕ್ಕದ ಗೋಡೆ ಕುಸಿದು ತನ್ನ ಗಂಡ ಕರಿಯಪ್ಪ ಸತ್ತ ಅಂದಳು. ಹೆಚ್ಚು ಮಾತಾಡಲಿಲ್ಲ, ಅಳಲೂ ಇಲ್ಲ. ಚಂದ್ರಕಲ ಅವಳು ಹೇಳಿದಷ್ಟನ್ನು ಹಾಗೇ ಓದಿದಳು: "ಸಂತೆಬಾಚಹಳ್ಳಿಯ ಕರಿಯಪ್ಪ, ಐವತ್ತೊಂದು ವರ್ಷ. ನಾಲೆ ಕಾಮಗಾರಿಯಲ್ಲಿ ಗೋಡೆ ಕುಸಿದು ನಿಧನರಾದರು." ಯಾರ ಕಾಮಗಾರಿ ಅಂತಲೂ ಹೇಳಿರಲಿಲ್ಲ.

ಅಷ್ಟಕ್ಕೇ ಬುಧವಾರ ಹತ್ತು ಗಂಟೆಗೆ ಅಂದಾನಯ್ಯ ಅವಳನ್ನು ಒಳಗೆ ಕರೆದು ಒಂದು ಕಾಗದವನ್ನು ಮೇಜಿನ ಮೇಲೆ ಜರುಗಿಸಿದ. ನಾಲೆಯ ಕೆಲಸ ಹಿಡಿದಿದ್ದವನು ಕಂಟ್ರಾಕ್ಟರ್ ಪುಟ್ಟಸ್ವಾಮಿ. ಸಂಗಮದ ಆಫೀಸು ಇರುವ ಕಟ್ಟಡವೂ ಅವನದೇ. ಕಾಗದದಲ್ಲಿ ಹೀಗಿತ್ತು: ನಿನ್ನೆ ಓದಿದ ಸುದ್ದಿ ತಪ್ಪು, ಕರಿಯಪ್ಪ ಕುಡಿದ ಅಮಲಿನಲ್ಲಿ ನಾಲೆಯ ನೀರಿಗೆ ಬಿದ್ದು ಸತ್ತಿದ್ದಾನೆ, ತಪ್ಪಿಗೆ ವಿಷಾದಿಸುತ್ತೇವೆ.

"ಇವತ್ತು ಇದ ಓದ್ಬುಡು ಮಗ," ಅಂದ ಅಂದಾನಯ್ಯ. ಎಪ್ಪತ್ತೆರಡರ ಮುದುಕ ಅವಳ ಮುಖ ನೋಡದೆ ಮೇಜಿನ ಗಾಜಿನ ಕೆಳಗಿದ್ದ ಹಳೆಯ ಫೋಟೋ ನೋಡುತ್ತಿದ್ದ. "ಓದ್ನಿಲ್ಲ ಅಂದ್ರೆ ನಾಳೀಕೆ ಬೀಗ ಆಕ್ತೀನಿ ಅಂದವ್ನೆ. ಇಲ್ಲಾಂದ್ರೆ ನಿನ್ನ ಕುರ್ಚಿ ಬುಡುಸ್ಬೇಕಂತೆ. ಒಂದೇ ಒಂದು ಸಲ ಕನವ್ವ. ಕೇಬಲ್ಲೇ ಓಗ್ಬುಡ್ತದೆ."

"ತಪ್ಪಾಗಿದ್ರೆ ಓದ್ತೀನಿ," ಅಂದಳು ಚಂದ್ರಕಲ. "ತಪ್ಪಾಗಿತ್ತಾ ಅಂತ ನೋಡ್ಕಂಡ್ ಬತ್ತೀನಿ, ತಡೀರಿ."

ಹನ್ನೊಂದರ ಬಸ್ಸಿಗೆ ಅವಳು ಸಂತೆಬಾಚಹಳ್ಳಿಗೆ ಹೋದಳು. ದಾರಿಯುದ್ದಕ್ಕೂ ಅವಳಿಗೆ ಅಂಜಿಕೆ ಇತ್ತು, ಅದನ್ನು ಮುಚ್ಚಿಡುವುದು ಯಾಕೆ. ಫೋನಿನಲ್ಲಿ ಅಳದ ದನಿ ಅದು. ಮತ್ತೆ ಮೋಸ ಹೋದೆನಾ? ಹೌದಾದರೆ ಇವತ್ತು ತಪ್ಪಾಯಿತು ಅಂತ ಓದುವುದೇ ಸರಿ, ಪುಟ್ಟಸ್ವಾಮಿಗೆ ಹೆದರಿ ಅಲ್ಲ, ತಪ್ಪಾಯಿತು ಅಂತಲೇ.

ಮಂಚಮ್ಮನ ಅಂಗಳ ಖಾಲಿ ಇತ್ತು. ಸಾವಾಗಿ ಎರಡು ದಿನ, ಆದರೂ ಒಂದು ಚಪ್ಪಲಿ ಜೊತೆಯೂ ಬಾಗಿಲಲ್ಲಿ ಇರಲಿಲ್ಲ. ಮಂಚಮ್ಮ ಗೋಡೆಗೊರಗಿ ಕೂತಿದ್ದಳು. ಟಿವಿಯ ಮುಖ ನಡೆದುಕೊಂಡು ಬಂದದ್ದು ನೋಡಿ ಎದ್ದು ನಿಂತಳು.

"ಜನ ಎಲ್ಲವ್ವ?" ಅಂತ ಕೇಳಿದಳು ಚಂದ್ರಕಲ.

"ಯಾರ್ ಬತ್ತಾರೆ? ನಮ್ಮೂರೋರು ಅರ್ಧ ಆ ಕಂಟ್ರಾಕ್ಟ್ರ ಕೆಲ್ಸದಲ್ಲೇ ಅವ್ರೆ. ಕುಡ್ದು ಸತ್ತ ಅಂತ ಸೋಮಾರ ಸಂಜೀಗೇ ಊರ್ ತುಂಬ ಏಳ್ಬುಟ್ರು. ಮಣ್ಣಿಗೆ ಎಂಟು ಜನ ಬಂದಿದ್ರು ಕನಕ್ಕ. ಅಳಕ್ಕೆ ಒಬ್ರೂ ಬರ್ನಿಲ್ಲ. ನಂಗೂ ಒಬ್ಳೇ ಅಳಕ್ಕೆ ಬರ್ನಿಲ್ಲ."

"ಕುಡೀತಿದ್ರಾ?"

ಮಂಚಮ್ಮ ಕೆರಳಿದಳು. "ನನ್ ಗಂಡ ಮೂವತ್ತು ವರ್ಸದಿಂದ ಕಾಪೀನೂ ಕುಡೀತಿರ್ನಿಲ್ಲ. ರಾಗಿ ಅಂಬ್ಲಿ ಒಂದೇ. ತಲೆಗೂದ್ಲಲ್ಲಿ ಸಿಮೆಂಟು ಮೆತ್ಕಂಡಿತ್ತು, ನಾಕು ಚೆಂಬು ಬಿಸ್ನೀರ್ ಉಯ್ದು ತೊಳುದ್ರೂ ಓಗ್ನಿಲ್ಲ. ಅಂಗೇ ಮಣ್ ಮಾಡ್ದೊ. ಏನೂ ಬ್ಯಾಡ ಕನಕ್ಕ ನಂಗೆ, ಕುಡುಕ ಅನ್ನೋದೊಂದು ಅವನ್ ಮ್ಯಾಲೆ ಬ್ಯಾಡ."

ಚಂದ್ರಕಲ ಮಂಚಮ್ಮನ ಮನೆಯ ಹಿಂದೆ ಅರ್ಧ ಮೈಲಿ ನಡೆದು ನಾಲೆಯ ಏರಿ ಹತ್ತಿದಳು. ಕೆಳಗೆ ನಾಲೆ ಹನಿ ನೀರಿಲ್ಲದೆ ಬಣಗುಡುತ್ತಿತ್ತು. ಕುಸಿದ ಗೋಡೆ, ಒಡೆದ ಹಲಗೆ, ಮಣ್ಣಿನಲ್ಲಿ ಅರ್ಧ ಹೂತ, ಗಾರೆ ಹೊರುವ ಒಂದು ಬಾಂಡ್ಲಿ. ಮೂರು ವಾರದ ಹಿಂದೆ "ರಿಪೇರಿ ಸಲುವಾಗಿ ನಾಲೆಗೆ ನೀರು ನಿಲ್ಲಿಸಲಾಗಿದೆ" ಅಂತ ಓದಿದವಳು ಅವಳೇ. ಸಂಚಿಯಿಂದ ಪುಟ್ಟಸ್ವಾಮಿಯ ಕಾಗದ ತೆಗೆದು ಇನ್ನೊಂದು ಸಲ ನೋಡಿದಳು. ನಾಲೆಯ ನೀರಿಗೆ ಬಿದ್ದು ಅಂತ ಬರೆದಿತ್ತು. ಸುಳ್ಳು ಬರೆಯುವವನಿಗೆ ತನ್ನ ಕೆಲಸದ ಜಾಗದಲ್ಲಿ ನೀರಿದೆಯಾ ಇಲ್ಲವಾ ಅನ್ನುವುದೂ ಗೊತ್ತಿರಲಿಲ್ಲ. ಅವಳಿಗೆ ಅಂಜಿಕೆ ಹೋಗಿ ಸಿಟ್ಟು ಬಂತು. ಎಂಥ ಸಿಟ್ಟು ಅಂದರೆ, ಮಂಚಮ್ಮನ ಅಂಗಳಕ್ಕೆ ವಾಪಸು ಬಂದು ಮಡಕೆಯ ನೀರು ಕುಡಿದರೂ ಇಳಿಯದ ಸಿಟ್ಟು.

"ನಾಳೆ ಬೆಳಗ್ಗೆ ನಿಮ್ಮಂಗಳದಲ್ಲಿ ಒಂದಷ್ಟು ಜನ ಕೂತ್ಕಂಡ್ರೆ ನಿಂಗೇನಾರ ತೊಂದ್ರೆನಾ?" ಅಂತ ಕೇಳಿದಳು.

"ಯಾವ ಜನ?"

"ಅಳಕ್ಕೆ ಬರೋ ಜನ."

ಮಂಚಮ್ಮ ಅವಳನ್ನೇ ನೋಡಿ, ಏನೂ ಅರ್ಥವಾಗದಿದ್ದರೂ, ಬರಲಿ ಅಂದಳು.

ಸಂಜೆ ಏಳೂಕಾಲಿಗೆ ಚಂದ್ರಕಲ ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡಳು. ಹದಿನೈದು ವರ್ಷದಿಂದ ಅವಳ ಮುಂದೆ ಕ್ಯಾಮೆರಾ ಹಿಡಿಯುವ ತಿಮ್ಮೇಶ ಅವಳ ಮುಖ ನೋಡಿಯೇ ಇವತ್ತು ಏನೋ ಇದೆ ಅಂದುಕೊಂಡ. ಅಂದಾನಯ್ಯ ಎಂದೂ ಕೂರದ ಜಾಗದಲ್ಲಿ, ಪ್ರಸಾರ ನಿಲ್ಲಿಸುವ ಸ್ವಿಚ್ಚಿನ ಪಕ್ಕ, ಸ್ಟೂಲು ಹಾಕಿಕೊಂಡು ಕೂತಿದ್ದ.

"ಕಾಗ್ದ ತಂದಿದ್ದೀಯ ಮಗ?"

"ತಂದಿವ್ನಿ."

"ಓದ್ತೀಯ?"

"ಅದ್ರಲ್ಲಿರೋದೆಲ್ಲ ಓದ್ತೀನಿ," ಅಂದಳು.

"ನಮಸ್ಕಾರ, ಊಟ ಆಯ್ತಾ?" ಅಂತ ಶುರುಮಾಡಿದಳು. ಕರೆಂಟು, ಚಿರತೆ, ನಾಗಮಂಗಲದ ಆಸ್ಪತ್ರೆಗೆ ಬರುವ ಕಣ್ಣಿನ ಡಾಕ್ಟರು, ಶ್ರೀರಂಗಪಟ್ಟಣದಲ್ಲಿ ಸಿಕ್ಕ ಒಂದು ಜೊತೆ ಕಾಲುಂಗುರ. ಒಂದರಲ್ಲೂ ದನಿ ನಡುಗಲಿಲ್ಲ. ಆಮೇಲೆ "ಇಂದು ನಮ್ಮನ್ನು ಅಗಲಿದವರು" ಅಂದು ಎರಡು ಹೆಸರು ಓದಿ, ಕಾಗದ ಬಿಚ್ಚಿದಳು.

"ನನಗೆ ಒಂದು ಸ್ಪಷ್ಟೀಕರಣ ಕೊಟ್ಟಿದ್ದಾರೆ. ಯಾರು ಕೊಟ್ಟರು ಅಂತ ನಾನು ಹೇಳುವುದಿಲ್ಲ, ಅವರೇ ಒಂದು ದಿನ ಬಂದು ಹೇಳಲಿ. ನಿನ್ನೆ ಓದಿದ ಸಂತೆಬಾಚಹಳ್ಳಿಯ ಕರಿಯಪ್ಪನವರ ಸಾವಿನ ಸುದ್ದಿ ತಪ್ಪಂತೆ. ಅವರು ಕುಡಿದು ನಾಲೆಯ ನೀರಿಗೆ ಬಿದ್ದರಂತೆ. ಇವತ್ತು ಮಧ್ಯಾಹ್ನ ನಾನು ಆ ಮನೆಗೂ ಹೋಗಿದ್ದೆ, ಆ ನಾಲೆಗೂ ಹೋಗಿದ್ದೆ. ಕರಿಯಪ್ಪನವರು ಕುಡಿಯುತ್ತಿರಲಿಲ್ಲ. ನಾಲೆಯಲ್ಲಿ ನೀರೂ ಇಲ್ಲ. ಮೂರು ವಾರದ ಹಿಂದೆ ನೀರು ನಿಲ್ಲಿಸಿದ ಸುದ್ದಿಯನ್ನು ನಿಮಗೆ ಓದಿ ಹೇಳಿದವಳೂ ನಾನೇ."

ಅಂದಾನಯ್ಯನ ಕೈ ಸ್ವಿಚ್ಚಿನ ಮೇಲೆ ಹೋಯಿತು. ತಿಮ್ಮೇಶ ಕ್ಯಾಮೆರಾದಿಂದ ಕಣ್ಣು ತೆಗೆದು ಯಜಮಾನನನ್ನೇ ನೋಡಿದ. ಚಂದ್ರಕಲ ಅದನ್ನೂ ಕಂಡಳು, ಕಂಡೂ ಓದುತ್ತಲೇ ಹೋದಳು.

"ಇವತ್ತು ಒಂದು ಸುಳ್ಳು ಓದಲೇಬೇಕು ಅಂತ ನನಗೆ ಹೇಳಿದ್ದಾರೆ. ಆಗಲಿ, ಓದುತ್ತೇನೆ. ಆದರೆ ಆ ಸುಳ್ಳು ಸತ್ತವರ ಮೇಲೆ ಬೇಡ, ನನ್ನ ಮೇಲೇ ಇರಲಿ. ಬೂಕನಕೆರೆಯ ಚಂದ್ರಕಲ, ಐವತ್ತು ವರ್ಷ. ಸಂಗಮ ಕೇಬಲ್ಲಿನಲ್ಲಿ ಇಪ್ಪತ್ತಮೂರು ವರ್ಷ ಸುದ್ದಿ ಓದಿದವರು. ಇಂದು ಬೆಳಗ್ಗೆ ಏಳು ಗಂಟೆಗೆ ಕಾಗೆ ಮುಟ್ಟಿ ನಿಧನರಾದರು. ಚಂದ್ರಕ್ಕನಿಗೆ ಆಯಸ್ಸು ಬೇಕು ಅನ್ನುವವರು ನಾಳೆ ಬೆಳಗ್ಗೆ ಒಂಬತ್ತು ಗಂಟೆಗೆ ಸಂತೆಬಾಚಹಳ್ಳಿಯಲ್ಲಿ, ಕರಿಯಪ್ಪನವರ ಹೆಂಡತಿ ಮಂಚಮ್ಮನವರ ಅಂಗಳಕ್ಕೆ ಬಂದು ಅಳಬೇಕು. ಇದು ಸುಳ್ಳು. ನಿನ್ನೆ ಓದಿದ್ದು ಸುದ್ದಿ."

ತಿಮ್ಮೇಶ ಕ್ಯಾಮೆರಾ ನಿಲ್ಲಿಸಿದ. ಸ್ವಿಚ್ಚು ಹಾಗೇ ಇತ್ತು. ಅಂದಾನಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತ ಕೂತಿದ್ದ.

"ಕಳ್ದೆ ಕನವ್ವ ಕಳ್ದೆ," ಅಂದ. "ನನ್ ಕೇಬಲ್ಲ ಕಳ್ದೆ." ಕನ್ನಡಕ ಮತ್ತೆ ಹಾಕಿಕೊಂಡು, "ನಾಳೆ ಎಷ್ಟೊತ್ಗಂದೆ, ಒಂಬತ್ಗಾ?" ಅಂತ ಕೇಳಿದ.

ಗುರುವಾರ ಬೆಳಗ್ಗೆ ಎಂಟೂವರೆಗೆ ಚಂದ್ರಕಲ ಮಂಚಮ್ಮನ ಪಕ್ಕದಲ್ಲಿ ಜಗಲಿಯ ಮೇಲೆ ಕೂತಿದ್ದಳು. ದೊಡ್ಡತಾಯಮ್ಮ ಮಗನ ಟೆಂಪೋದಲ್ಲಿ ಒಂದು ಕೊಪ್ಪರಿಗೆ, ಎರಡು ಮೂಟೆ ಅಕ್ಕಿ, ಅವರೆಕಾಳು ತುಂಬಿಸಿಕೊಂಡು ಬಂದು ಅಂಗಳದ ಮೂಲೆಯಲ್ಲಿ ಒಲೆ ಹೂಡಿಸಿದ್ದಳು. "ನಿಜ್ವಾಗ್ ಸತ್ತೋಳಾದ್ರೆ ಒಲೆ ಅಚ್ಚಂಗಿಲ್ಲ. ಸುಳ್ಳಿಗೆ ಸತ್ತೋಳ್ದು ಬಂದೋರು ಉಣ್ದೆ ಓದ್ರೆ ಪರಿಹಾರ ಕೂಡಲ್ಲ," ಅನ್ನುತ್ತ ಓಡಾಡುತ್ತಿದ್ದ ಮುದುಕಿಗೆ ಕಾಗೆಯ ಶಾಂತಿ ಆಗುತ್ತಿರುವ ಖುಷಿಯೇ ಖುಷಿ. ಚಂದ್ರಕಲ ಮಾತ್ರ ದಾರಿಯ ಕಡೆಯೇ ನೋಡುತ್ತಿದ್ದಳು. ಯಾರೂ ಬರದಿದ್ದರೆ? ಈ ಹೆಂಗಸಿನ ಖಾಲಿ ಅಂಗಳವನ್ನು ನಾಲ್ಕು ತಾಲ್ಲೂಕಿಗೆ ತೋರಿಸಿದ ಹಾಗಾಗುತ್ತದೆ ಅಷ್ಟೆ.

ಒಂಬತ್ತಕ್ಕೆ ಐದು ನಿಮಿಷ ಇದ್ದಾಗ ಬಸ್ ಸ್ಟಾಪಿನ ಕಡೆಯಿಂದ ಅಳು ಕೇಳಿಸಿತು. ನಾಗಮಂಗಲದ ಬಸ್ಸಿನಲ್ಲಿ ಬಂದ ಹನ್ನೆರಡು ಹೆಂಗಸರು, ಕೂದಲು ಕೆದರಿಕೊಂಡು, ಎದೆ ಬಡಿದುಕೊಂಡು, "ಅಯ್ಯೋ ಚಂದ್ರಕ್ಕ, ನಮ್ಮನ್ ಬುಟ್ಟು ಓಗ್ಬುಟ್ಯಾ" ಅಂತ ಬಂದರು. ಜಗಲಿಯ ಮೇಲೆ ಅವಳನ್ನು ಕಂಡದ್ದೇ, "ಎದ್ದೇನೇ ಮುಂಡೇದೆ, ನಮ್ ಹೊಟ್ಟೆ ಉರ್ಸಕ್ಕೆ" ಅಂತ ಬೈದು, ಕೆನ್ನೆ ಹಿಂಡಿ ನಕ್ಕರು. ಹಿಂದೆಯೇ ಪಾಂಡವಪುರದಿಂದ ಎರಡು ಟ್ರಾಕ್ಟರು. ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಹೂ ಮಾರುವವರದು ಒಂದು ವ್ಯಾನು. ಪಾಂಡವಪುರದ ಟ್ರಾಕ್ಟರಿನಿಂದ ಇಳಿದವನು ಕೈಯಲ್ಲಿ ಬಾಳೆಗೊನೆ ಹಿಡಿದ ಒಬ್ಬ ಹಣ್ಣುಹಣ್ಣು ಮುದುಕ, ಜೊತೆಗೆ ಅವನ ಮಗಳು. "ಅವ್ವ, ನಾನೇ ಕನವ್ವ ಅವತ್ತು ಸತ್ತೋನು. ಇವತ್ತು ನಿನ್ ಸರದಿ" ಅಂದ. ಅಂಗಳ ತುಂಬಿ ಜನ ಬೀದಿಯಲ್ಲೂ ನಿಂತರು.

ಚಂದ್ರಕಲ ಎದ್ದು ನಿಂತಳು.

"ನಂಗೆ ಅತ್ತಿದ್ದು ಸಾಕು ಕನ್ರವ್ವ, ಕಾಗೆ ದೋಷ ಕಳೀತು. ತಂದಿರೋ ಕಣ್ಣೀರು ದಂಡ ಆಗಾದು ಬ್ಯಾಡ. ಈ ಮನೇಲಿ ಸೋಮಾರ ಒಬ್ರು ಸತ್ತವ್ರೆ. ಅವ್ರಿಗೆ ಯಾರೂ ಅತ್ತಿಲ್ಲ."

ನಗು ನಿಂತಿತು. ನಾಗಮಂಗಲದ ಹೆಂಗಸರು ಒಬ್ಬೊಬ್ಬರಾಗಿ ಜಗಲಿಯಿಂದ ಇಳಿದು ಮಂಚಮ್ಮನ ಸುತ್ತ ಕೂತರು. ಒಬ್ಬಳು ಅವಳ ಭುಜ ಹಿಡಿದಳು. ಸೋಮವಾರದಿಂದ ಕಲ್ಲಾಗಿದ್ದ ಮಂಚಮ್ಮ ಆಗ ಬಾಯಿಬಿಟ್ಟು ಅತ್ತಳು. ನೋಡುತ್ತಿದ್ದ ಚಂದ್ರಕಲಳಿಗೂ ತಡೆಯಲಾಗಲಿಲ್ಲ. ಬೀದಿಯ ಆ ಬದಿಯಲ್ಲಿ ಹೆದರಿ ನಿಂತಿದ್ದ ಊರಿನವರು, ಕರಿಯಪ್ಪನ ಜೊತೆ ಬಾಂಡ್ಲಿ ಹೊತ್ತವರು, ಇಷ್ಟು ಜನ ನೋಡಿ ಒಬ್ಬರ ಹಿಂದೊಬ್ಬರು ಒಳಗೆ ಬಂದು ತಲೆ ಬಗ್ಗಿಸಿ ಕೂತರು.

ಆಗ ಒಂದು ಬಿಳಿ ಕಾರು ಬಂತು. ಡ್ರೈವರು ಬಾಗಿಲು ತೆಗೆದ. ಕೋಲು ಊರಿಕೊಂಡು ಇಳಿದವಳು ಬೆಟ್ಟಮ್ಮ, ಪುಟ್ಟಸ್ವಾಮಿಯ ತಾಯಿ. ಬೀದಿಯಲ್ಲಿದ್ದವರು ಸರಿದು ದಾರಿ ಬಿಟ್ಟರು. ಆ ಮುದುಕಿಗೆ ಕಣ್ಣು ಮಂಜು. ದಿನಾ ಸಂಜೆ ಚಂದ್ರಕ್ಕನ ದನಿ ಕೇಳಿಯೇ ಮುದ್ದೆ ಮುರಿಯುವವಳು. ಮಗ ಮನೆಯಲ್ಲಿ ಏನು ಹೇಳಿದ್ದನೋ, ಏನು ಹೇಳಿರಲಿಲ್ಲವೋ, ಅವಳಂತೂ ಕಾಗೆ ಮುಟ್ಟಿದವಳಿಗೆ ಅಳಲು ಬಂದಿದ್ದಳು. ಆ ಸೀಮೆಯಲ್ಲಿ ಸಾವಿನ ಮನೆಯಲ್ಲಿ ಹಾಡಿ ಹಾಡಿ ಅಳುವುದರಲ್ಲಿ ಬೆಟ್ಟಮ್ಮನನ್ನು ಮೀರಿಸುವವರು ಇಲ್ಲ.

ಯಾರೋ ಅವಳಿಗೆ, ಇನ್ನು ಈ ಹೆಂಗಸಿನ ಗಂಡನಿಗೆ ಅಳಬೇಕು ಅಂತಷ್ಟೇ ಹೇಳಿ ಮಂಚಮ್ಮನ ಪಕ್ಕ ಕೂರಿಸಿದರು. ಬೆಟ್ಟಮ್ಮ ಮಂಚಮ್ಮನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಏಳು ಮಗ, ನಿನ್ ಗಂಡನ್ ಗುಣ ಏಳು. ಗುಣ ಗೊತ್ತಿಲ್ದೆ ಎಂಗ್ ಅಳಾದು? ಏನ್ ಉಣ್ತಿದ್ದ?"

"ರಾಗಿ ಅಂಬ್ಲಿ, ಅವ್ವ."

"ಎತ್ತು ಸಾಕಿದ್ನಾ?"

"ಒಂದ್ ಜೊತೆ. ಅವುನ್ನೂ ಒಡೀತಿರ್ನಿಲ್ಲ."

"ಎಂಗ್ ಸತ್ತ?"

"ನಾಲೆ ಗೋಡೆ ಕುಸ್ದು."

"ಯಾರ್ ಕೆಲ್ಸ ಅದು? ಆ ಮನೆ ಆಳಾಗೋಗ್ಲಿ ಅಂತ ಸೇರ್ಸಿ ಅಳ್ಬೇಕು, ಏಳು."

ಚಂದ್ರಕಲ ಹೇಳೋಣ ಅಂತ ಬಾಯಿ ತೆರೆದಳು. ಅಷ್ಟರಲ್ಲಿ ಮಂಚಮ್ಮನೇ ಕೈ ಬಿಡಿಸಿಕೊಳ್ಳದೆ, ಮುದುಕಿಯ ಮಂಜುಗಣ್ಣನ್ನೇ ನೋಡುತ್ತ ಹೇಳಿದಳು.

"ನಿಮ್ ಮಗಂದು ಕನವ್ವ. ಗೋಡೆ ಬಿದ್ದಿದ್ದು ನಿಮ್ ಮಗನ್ ಕೆಲ್ಸದಲ್ಲಿ. ಕುಡ್ದು ಸತ್ತ ಅಂತ ಏಳ್ಸಿದ್ದೂ ಅವ್ರೇಯ. ನಿಮ್ ಮನೆ ಆಳಾಗ್ಲಿ ಅಂತ ನಾನು ಅನ್ನಕಿಲ್ಲ."

ಬೆಟ್ಟಮ್ಮ ಮಂಚಮ್ಮನ ಕೈ ಬಿಟ್ಟು ತನ್ನ ಕೋಲನ್ನು ತಡವಿ ಹಿಡಿದಳು. ಡ್ರೈವರು ಹತ್ತಿರ ಬಂದು, ಹೋಗೋಣವಾ ಅವ್ವ ಅಂದ. ಅವಳು ಅವನ ಕಡೆ ತಿರುಗಲಿಲ್ಲ.

"ಫೋನ್ ಅಚ್ಚು," ಅಂದಳು. "ಪುಟ್ಟನ್ಗೆ. ಎಲ್ರಿಗೂ ಕೇಳೋ ಅಂಗೆ ಅಚ್ಚು."

ಡ್ರೈವರು ಹಚ್ಚಿದ. ಆ ಕಡೆಯಿಂದ "ಏನ್ಲಾ, ಎಲ್ಲಿದ್ದೀರಾ? ಅವ್ವ ಎಲ್ಲಿ?" ಅಂತ ದನಿ ಬಂತು.

"ಇಲ್ಲೇ ಅವ್ನಿ ಕಣಪ್ಪ," ಅಂದಳು ಬೆಟ್ಟಮ್ಮ. "ಒಂದು ಸಾವಿನ್ ಸುದ್ದಿ ಅದೆ. ಫೋನ್ ಇಡ್ಬ್ಯಾಡ, ಕೇಳು." ಫೋನನ್ನು ತಡವಿ ತಡವಿ ಚಂದ್ರಕಲಳ ಕಡೆ ಚಾಚಿದಳು. "ಓದವ್ವ."

ಚಂದ್ರಕಲಳ ಮುಂದೆ ಕ್ಯಾಮೆರಾ ಇರಲಿಲ್ಲ. ಆಫೀಸಿಗೆ ಬೆಳಗ್ಗೆಯೇ ಬೀಗ ಬಿದ್ದಿತ್ತು. ತಿಮ್ಮೇಶ ಬೀದಿಯಲ್ಲಿ ಬರಿಗೈಯಲ್ಲಿ ನಿಂತಿದ್ದ, ಅವನ ಪಕ್ಕದಲ್ಲಿ ಅಂದಾನಯ್ಯ. ಅವಳು ಸೆರಗು ಸರಿಮಾಡಿಕೊಂಡಳು. ಯಾವ ದನಿಯಲ್ಲಿ ಇಪ್ಪತ್ತಮೂರು ವರ್ಷ ಓದಿದ್ದಳೋ ಅದೇ ದನಿಯಲ್ಲಿ, ಒಂದಿಷ್ಟೂ ಎತ್ತರಿಸದೆ, ಒಂದಿಷ್ಟೂ ತಗ್ಗಿಸದೆ ಓದಿದಳು.

"ಸಂತೆಬಾಚಹಳ್ಳಿಯ ಕರಿಯಪ್ಪ, ಐವತ್ತೊಂದು ವರ್ಷ. ಸೋಮವಾರ, ನಾಲೆ ಕಾಮಗಾರಿಯಲ್ಲಿ ಗೋಡೆ ಕುಸಿದು ನಿಧನರಾದರು. ಮೃತರು ಪತ್ನಿ ಮಂಚಮ್ಮನವರನ್ನು ಅಗಲಿದ್ದಾರೆ. ಇದು ಸುದ್ದಿ."

ಕೊಪ್ಪರಿಗೆಯಲ್ಲಿ ಅವರೆಕಾಳು ಕುದಿಯುತ್ತಿತ್ತು. ದೊಡ್ಡತಾಯಮ್ಮ ಸೌಟು ಹಿಡಿದು ನಿಂತೇ ಇದ್ದಳು.

"ಕೇಳಿಸ್ತಾ?" ಅಂದಳು ಬೆಟ್ಟಮ್ಮ.

"ಕೇಳಿಸ್ತು," ಅಂತ ಬಂತು.

"ಅಂಗಾರೆ ಬಾ," ಅಂದಳು ತಾಯಿ. "ಮಣ್ಣಿಗಂತೂ ಬರ್ನಿಲ್ಲ ನೀನು. ನೀನು ಬರೋಗಂಟ ನಾನು ಈ ಅಂಗಳದಿಂದ ಎದ್ದೇಳಕಿಲ್ಲ."

ಫೋನು ಡ್ರೈವರಿಗೆ ಕೊಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬೆಟ್ಟಮ್ಮ ಮಂಚಮ್ಮನ ಕೈಯನ್ನು ಮತ್ತೆ ಮಡಿಲಿಗೆ ತೆಗೆದುಕೊಂಡಳು. ಆಮೇಲೆ ಕರಿಯಪ್ಪನ ಅಂಬಲಿಯಿಂದ ಶುರುಮಾಡಿ ಹಾಡಿ ಅಳತೊಡಗಿದಳು.